ಆಲೂಗಡ್ಡೆ ಹೊಲಿಯುವವಳು

ಮಾರ್ಚ್ ೩, ಸೋಮವಾರ

ಬೀಗಿತ್ತಿಯವರು ಬಂದಿಳಿದರು. ಎರಡು ದೊಡ್ಡ ಪೆಟ್ಟಿಗೆ, ಒಂದು ಕೈಚೀಲ, ಕೈಚೀಲದಿಂದ ಹೊರಗೆ ಇಣುಕುವ ಒಂದು ಮರದ ಸೌಟು. ನಮ್ಮ ಮನೆಯಲ್ಲಿ ಸೌಟಿಗೇನು ಬರವೇ? ಬಾಗಿಲಲ್ಲೇ ನನ್ನನ್ನು ಬಿಗಿಯಾಗಿ ಅಪ್ಪಿಕೊಂಡರು. ನಾನು ಯಾರದೋ ಕೋಟಿನ ಅಂಚು ಮಡಿಸುತ್ತಿದ್ದವಳು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಎದ್ದು ಹೋಗಿದ್ದೆ. ಸದ್ಯ, ಯಾರಿಗೂ ಚುಚ್ಚಲಿಲ್ಲ.

ಸೊಸೆಗೆ ಏಳನೇ ತಿಂಗಳು ನಡೆಯುತ್ತಿದೆ. ಹೋದ ವರ್ಷದ್ದು ಉಳಿಯಲಿಲ್ಲ. ಅದಕ್ಕೇ ಈ ಸಲ ಡಾಕ್ಟರು ಮಂಚ ಬಿಟ್ಟು ಇಳಿಯಬೇಡ ಎಂದಿದ್ದಾರೆ. ಸುದ್ದಿ ಕೇಳಿದ್ದೇ ಅವಳ ತಾಯಿ ಸಮುದ್ರ ದಾಟಿ ಓಡಿ ಬಂದಿದ್ದಾರೆ. ನಾನಿರಲಿಲ್ಲವೇ ನೋಡಿಕೊಳ್ಳಲು? ಇರಲಿ. ಅವರಿಗೆ ಸ್ಪ್ಯಾನಿಷ್ ಬಿಟ್ಟು ಬೇರೆ ಭಾಷೆ ಬಾರದು. ನನಗೆ ಸ್ಪ್ಯಾನಿಷ್ ಒಂದು ಬಿಟ್ಟು ಬಾಕಿ ಮಾತಿಗೇನೂ ಕಡಿಮೆಯಿಲ್ಲ.

"ಒಂದೇ ಒರೇಲಿ ಎರಡು ಕತ್ತಿ ಕಣೇ. ನಾನು ಆದಷ್ಟು ಹೊರಗಡೆನೇ ಇರ್ತೀನಿ" ಎಂದು ನಮ್ಮವರು ಕೆಲಸಕ್ಕೆ ಹೊರಟರು. ಲಿಫ್ಟ್ ರಿಪೇರಿ ಮಾಡುವವರು. ಜಗಳ ನೆಲದ ಮೇಲಿದ್ದರೆ ತಾವು ಆರನೇ ಮಹಡಿಯಲ್ಲಿರುವುದು ಅವರಿಗೆ ಅಭ್ಯಾಸ.

ಮಾರ್ಚ್ ೫, ಬುಧವಾರ

ನನ್ನ ಬಾಣಲೆ ಮೇಲಿನ ಗೂಡಿನಿಂದ ಕೆಳಗಿನ ಗೂಡಿಗೆ ಇಳಿದಿದೆ. ಒಲೆಯ ಎಡಕ್ಕಿದ್ದ ಉಪ್ಪಿನ ಡಬ್ಬಿ ಬಲಕ್ಕೆ ಹೋಗಿದೆ. ಕಣ್ಣು ಮುಚ್ಚಿ ಕೈ ಚಾಚಿದರೂ ಸಿಗುತ್ತಿದ್ದ ಉಪ್ಪು. ಇವತ್ತು ಕೈ ಚಾಚಿದರೆ ಸಿಕ್ಕಿದ್ದು ಸಕ್ಕರೆ. ನಮ್ಮವರು ಬೇಳೆಯನ್ನು ಬಾಯಿಗಿಟ್ಟು, "ಏನು ವಿಶೇಷ, ಸಿಹಿ ಮಾಡಿದ್ದೀಯ?" ಎಂದು ಕೇಳಿದರು.

ನಾನು ಸೊಸೆಯ ಕೋಣೆಗೆ ತಟ್ಟೆ ಒಯ್ಯುವಷ್ಟರಲ್ಲಿ ಅಲ್ಲಿ ಆಗಲೇ ಒಂದು ಬಟ್ಟಲು ಹಬೆಯಾಡುತ್ತಾ ಕೂತಿರುತ್ತದೆ. ಅವಳು ಎರಡನ್ನೂ ನೋಡಿ, "ಹಸಿವಿಲ್ಲ ಅತ್ತೆ" ಎನ್ನುತ್ತಾಳೆ. ಆ ಬಟ್ಟಲಿನ ವಾಸನೆಗೇ ಇವಳ ಹಸಿವು ಓಡಿಹೋಗಿದೆ, ನನಗೆ ಗೊತ್ತು.

ಒಂದೇ ಒಂದು ವಾಕ್ಯ ಹೇಳಿದರೆ ಸಾಕು: ನನ್ನ ಮನೆಯಲ್ಲಿ ಅಡುಗೆ ಮಾಡುವವಳು ನಾನು. ಆದರೆ ಸ್ಪ್ಯಾನಿಷ್ಷಿನಲ್ಲಿ ಹೇಳಬೇಕು. ಸೊಸೆಯನ್ನು ಕೇಳುವ ಹಾಗಿಲ್ಲ. ಅವಳಮ್ಮನಿಗೆ ಬಡಿಯುವ ಕೋಲನ್ನು ಅವಳ ಕೈಯಿಂದಲೇ ಕೆತ್ತಿಸಿದ ಹಾಗಾಗುತ್ತದೆ. ಮಗ ಮದುವೆಗೆ ಮುಂಚೆ ಕಲಿಯುತ್ತೇನೆಂದು ತಂದು ಅರ್ಧಕ್ಕೇ ಬಿಟ್ಟ ಪುಸ್ತಕವೊಂದು ಅಟ್ಟದಲ್ಲಿತ್ತು. ಇಳಿಸಿ ಧೂಳು ಹೊಡೆದೆ. ಅಡುಗೆಗೆ ಅದರಲ್ಲಿ ಒಂದಲ್ಲ, ಒಂದು ಹಿಂಡು ಕ್ರಿಯಾಪದಗಳಿವೆ. ನಮ್ಮಲ್ಲೂ ಬೇಯಿಸು, ಕುದಿಸು, ಹುರಿ, ಕರಿ, ಸುಡು ಅಂತ ಇಲ್ಲವೇ? ಯಾವುದನ್ನು ಹಿಡಿಯುವುದು? ಎಲ್ಲಕ್ಕಿಂತ ಮೇಲೆ 'ಅಡುಗೆ ಮಾಡು' ಎಂದು ಬರೆದಿದ್ದ ಪದವನ್ನೇ ಹಿಡಿದೆ. ಅದರಲ್ಲಿ ಎರಡು ಸಿ ಇವೆ. ಮೊದಲನೆಯದು ಕ, ಎರಡನೆಯದು ಚ ಎಂದುಕೊಂಡೆ. ಹೊಲಿಗೆ ಯಂತ್ರ ತುಳಿಯುತ್ತಾ ಬಾಯಿಪಾಠ ಮಾಡಿದೆ.

ಮಾರ್ಚ್ ೭, ಶುಕ್ರವಾರ

ಹೇಳಿಬಿಟ್ಟೆ.

ಬೀಗಿತ್ತಿಯವರು ಗಜ್ಜರಿ ಹೆಚ್ಚುತ್ತಿದ್ದರು. ನಾನು ಕೊರಳಲ್ಲಿದ್ದ ಅಳತೆಪಟ್ಟಿ ಸರಿಮಾಡಿಕೊಂಡು, ನೆಟ್ಟಗೆ ನಿಂತು, ಎದೆ ತಟ್ಟಿಕೊಂಡೆ: "ಎನ್ ಮಿ ಕಾಸಾ, ಯೊ ಕೊಚೀನೊ!"

ಚಾಕು ನಿಂತಿತು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಮುಖ ಕೆಂಪೇರಿತು, ಕಣ್ಣಲ್ಲಿ ನೀರು ತುಂಬಿತು. ಗೋಡೆಗೆ ತಿರುಗಿಕೊಂಡರು. ಭುಜ ಕುಲುಕುತ್ತಿತ್ತು. ಅಳಿಸಿಬಿಟ್ಟೆನಲ್ಲ ಎಂದು ಒಂದು ಕ್ಷಣ ಪಾಪ ಎನಿಸಿತು. ಆದರೆ ಸತ್ಯ ಯಾವತ್ತಿದ್ದರೂ ಸತ್ಯವೇ. ಎಲುಬಿಲ್ಲದ ನಾಲಗೆ ಇವತ್ತು ಒಂದು ದಿನವಾದರೂ ನೆಟ್ಟಗೆ ನಿಂತಿತು.

ಗೆದ್ದೆ.

ಮಾರ್ಚ್ ೮, ಶನಿವಾರ

ಗೆದ್ದಿಲ್ಲ.

ಬೆಳಿಗ್ಗೆ ಸೊಸೆ ಕರೆದು ಕೇಳಿದಳು. "ಅತ್ತೆ, ಅಮ್ಮನ ಹತ್ರ ಏನು ಹೇಳಿದ್ರಿ? ನಿನ್ನೆಯಿಂದ ನಗ್ತಾನೇ ಇದಾಳೆ."

"ನಗ್ತಾ ಇದಾರಾ? ನನ್ನ ಮನೇಲಿ ಅಡುಗೆ ಮಾಡೋಳು ನಾನು ಅಂದೆ, ಅಷ್ಟೆ."

"ಹೇಗೆ ಅಂದ್ರೋ ಹಾಗೇ ಒಂದ್ಸಲ ಹೇಳಿ."

ಹೇಳಿದೆ. ಎದೆಯನ್ನೂ ತಟ್ಟಿಕೊಂಡೆ. ಸೊಸೆ ದಿಂಬು ತೆಗೆದು ಮುಖಕ್ಕೆ ಒತ್ತಿಕೊಂಡಳು.

"ಅದು ಕೊಸೀನೊ ಅತ್ತೆ, ಕೊಸೀನೊ! ಕೊಚೀನೊ ಅಂದ್ರೆ ಹಂದಿ. 'ನನ್ನ ಮನೇಲಿ ನಾನು ಹಂದಿ' ಅಂದಿದ್ದೀರ. ಅದೂ ಗಂಡು ಹಂದಿ."

"ಅದಕ್ಕೆ ನಿಮ್ಮಮ್ಮ ಏನಂದ್ರು?"

"'ನಿಮ್ಮತ್ತೆ ಎಷ್ಟು ವಿನಯವಂತರು' ಅಂದಳು. ಅಯ್ಯೋ, ನಗಿಸಬೇಡಿ ಅತ್ತೆ, ಡಾಕ್ಟರು ಬೈತಾರೆ."

ನಮ್ಮವರಿಗೆ ಇದನ್ನು ಹೇಳಬಾರದಿತ್ತು. ಹೇಳಿದೆ. ಮಧ್ಯಾಹ್ನ ಊಟಕ್ಕೆ ಕೂಗಿದರೆ, "ಕರೀತಿರೋದು ಯಾರು, ಮನುಷ್ಯರಾ?" ಎಂದರು.

ಹೋದ ವರ್ಷದಿಂದ ಸೊಸೆ ಹೀಗೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಅದು ಬೇರೆ ಮಾತು.

ಮಾರ್ಚ್ ೧೪, ಶುಕ್ರವಾರ

"ಮಲಗಿ ಮಲಗಿ ಸಾಕಾಗಿದೆ, ನಿಮಗೆ ಪಾಠ ಹೇಳ್ಕೊಡ್ತೀನಿ" ಎಂದು ಸೊಸೆ ಹಟ ಹಿಡಿದಿದ್ದಾಳೆ. ನಾನೂ ಕೈಹೊಲಿಗೆಯ ಕೆಲಸವನ್ನೆಲ್ಲ ಎತ್ತಿಕೊಂಡು ಅವಳ ಮಂಚದ ಪಕ್ಕಕ್ಕೆ ಹೋಗಿ ಕೂರುತ್ತೇನೆ. ಗುಂಡಿ ಹಚ್ಚುವುದಕ್ಕೆ ಆ ಕಿಟಕಿಯ ಬೆಳಕು ಒಳ್ಳೆಯದು, ಅದಕ್ಕೆ.

ನೀರು ಕುದಿಸಿದರೆ ಎರ್ವೀರ್. ಎಣ್ಣೆಯಲ್ಲಿ ಹಾಕಿದರೆ ಫ್ರೆಯೀರ್. ಹುರಿದರೂ ಅದೇ, ಕರಿದರೂ ಅದೇ. ಬಡವರ ಭಾಷೆ ಎಂದೆ. ಸೊಸೆಗೆ ಸಿಟ್ಟು ಬಂತು. ಬೆಂಕಿಯಲ್ಲಿ ಸುಟ್ಟರೆ ಅಸಾರ್, ಮಾಡಿದರೆ ಅಸೇರ್. ಮಾಡುವುದಕ್ಕೂ ಸುಡುವುದಕ್ಕೂ ಇಷ್ಟೇನಾ ಅಂತರ ಎಂದೆ. "ಅಡುಗೆಮನೇಲಿ ಅಷ್ಟೇ ತಾನೇ ಅತ್ತೆ?" ಎಂದಳು. ಮಾತಿನಲ್ಲಿ ಅವಳಮ್ಮನ ಮಗಳೇ.

ಅವಳ ಕನ್ನಡವನ್ನು ನಾನು ತಿದ್ದುತ್ತೇನೆ. "ನೀರು ಬೇಯಿಸಿ ಕೊಡಿ" ಎನ್ನುತ್ತಾಳೆ. ಮೊನ್ನೆ "ಬ್ರೆಡ್ ಕರೆದು ಕೊಡಿ" ಎಂದಳು. ನಾನು ಬಾಗಿಲಲ್ಲಿ ನಿಂತು "ಬಾರಪ್ಪಾ ಬ್ರೆಡ್ಡು" ಎಂದು ಕರೆದೆ. ಮತ್ತೆ ದಿಂಬು ಮುಖಕ್ಕೆ ಹೋಯಿತು.

ಇವತ್ತಿನ ಪಾಠ ಚೆನ್ನಾಗಿತ್ತು. ಕೊಸೇರ್ ಎಂದರೆ ಬೇಯಿಸುವುದು. ಕೊಸೇರ್ ಎಂದರೆ ಹೊಲಿಯುವುದೂ ಹೌದು! ಬರೆಯುವಾಗ ಬೇರೆ ಬೇರೆ ಅಕ್ಷರವಂತೆ, ಆದರೆ ಅವರ ಊರಿನ ಬಾಯಲ್ಲಿ ಎರಡೂ ಒಂದೇ. ಅಲ್ಲಿಗೆ ನನ್ನ ಹೊಟ್ಟೆಪಾಡೂ ಕೊಸೇರ್, ಹೊಟ್ಟೆಗೆ ಬೀಳುವುದೂ ಕೊಸೇರ್. 'ನಾನು' ಎಂದು ಸೇರಿಸಿದ ಕೂಡಲೇ ಮಾತ್ರ ಈ ಅವಳಿಗಳು ಬೇರೆಯಾಗುತ್ತಾರೆ. ಒಂದು ಕ್ವೇಸೊ, ಇನ್ನೊಂದು ಕೋಸೊ. ಇಷ್ಟು ತಿಳಿದರೆ ಸಾಕು. ಬೀಗಿತ್ತಿಯವರನ್ನು ನಾಳೆ ನೋಡಿಕೊಳ್ಳುತ್ತೇನೆ.

ಮಾರ್ಚ್ ೧೫, ಶನಿವಾರ

ನೋಡಿಕೊಂಡೆ.

ಪಾತ್ರೆಯಲ್ಲಿ ಆಲೂಗಡ್ಡೆ ಇಟ್ಟು, ಬೀಗಿತ್ತಿ ಒಲೆಯ ಹತ್ತಿರ ಬಂದ ಕೂಡಲೇ ಗಂಭೀರವಾಗಿ, "ಯೊ ಕೋಸೊ ಪಾಪಾಸ್" ಎಂದೆ. ಆಲೂಗಡ್ಡೆ ಬೇಯಿಸುತ್ತಿದ್ದೇನೆ, ಒಲೆ ಖಾಲಿಯಿಲ್ಲ ಎಂಬ ಅರ್ಥದಲ್ಲಿ.

ಆಕೆ ನೆಟ್ಟಗೆ ಮುಂದಿನ ಕೋಣೆಗೆ ಹೋದಳು. ನನ್ನ ದಪ್ಪ ಸೂಜಿಗೆ ಕಪ್ಪು ದಾರ ಪೋಣಿಸಿ, ಗಂಟು ಹಾಕಿ, ತಂದು ಆಲೂಗಡ್ಡೆಯ ಪಕ್ಕ ಇಟ್ಟಳು. ಆಮೇಲೆ ಏನೋ ಮರೆತವಳಂತೆ ಹಿಂದಿರುಗಿ ಹೋಗಿ ಹಳದಿ ದಾರದ ಉರುಳೆಯನ್ನೂ ತಂದು, ಆಲೂಗಡ್ಡೆಗೆ ಹಿಡಿದು ನೋಡಿ, ಬಣ್ಣ ಹೊಂದುತ್ತದೆಯೇ ಎಂದು ಹುಬ್ಬಲ್ಲೇ ಕೇಳಿದಳು.

ನನಗೇನೂ ನಗು ಬರಲಿಲ್ಲ. ಬಂದದ್ದು ಕೆಮ್ಮು. ಕೆಮ್ಮು ಜೋರಾಗಿ ಒಲೆಕಟ್ಟೆ ಹಿಡಿದುಕೊಂಡು ನಿಲ್ಲಬೇಕಾಯಿತು.

ಒಂದು ಮಾತು. ಬೆರಳಲ್ಲಿ ಹೊಸೆದು ಹಾಕಿದ ಆ ಗಂಟು ನೋಡಿದರೆ, ಸೂಜಿ ಹಿಡಿದು ಗೊತ್ತಿರುವ ಕೈ.

ನಮ್ಮವರು ಈಗ ನನ್ನನ್ನು ಆಲೂಗಡ್ಡೆ ಹೊಲಿಯುವವಳೇ ಎಂದು ಕರೆಯುತ್ತಿದ್ದಾರೆ. ಹಂದಿಗಿಂತ ವಾಸಿ.

ಮಾರ್ಚ್ ೨೪, ಸೋಮವಾರ

ಸ್ಕ್ಯಾನಿಂಗಿಗೆ ಹೋಗಿ ಬಂದರು. ಮಗು ಇರಬೇಕಾದಷ್ಟು ಬೆಳೆದಿಲ್ಲವಂತೆ. ಸೊಸೆಯ ತೂಕವೂ ಏರಿಲ್ಲ. "ಮನೇಲಿ ಇಬ್ಬರು ಅಮ್ಮಂದಿರು ಇದ್ದೂ ಈ ಹುಡುಗಿ ಯಾಕೆ ಹೀಗೆ?" ಎಂದು ಡಾಕ್ಟರು ಕೇಳಿದರಂತೆ.

ಮಗ ಇದನ್ನು ಹೇಳುತ್ತಿದ್ದಾಗ ನಾನು ತಟ್ಟೆ ಹಿಡಿದು ಕೋಣೆಗೆ ಹೋಗಿದ್ದೆ. ಬೀಗಿತ್ತಿ ಬಟ್ಟಲು ಹಿಡಿದು ನನ್ನ ಹಿಂದೆಯೇ ಬಂದಳು. ಸೊಸೆ ಎರಡನ್ನೂ ನೋಡಿದಳು.

"ಅತ್ತೆ, ಇದನ್ನ ತಿಂದ್ರೆ ಅಮ್ಮನ ಮುಖ ಸಣ್ಣಗಾಗುತ್ತೆ. ಅದನ್ನ ತಿಂದ್ರೆ ನಿಮ್ಮ ಮುಖ. ನಾನು ಮಲಗಿದ ಕಡೆಯಿಂದ ಎದ್ದು ಹೋಗೋ ಹಾಗೂ ಇಲ್ಲ. ಎರಡು ಮುಖಾನೂ ನೋಡ್ತಾ ಇರ್ಬೇಕು. ಅದಕ್ಕೇ ಹಸಿವಿಲ್ಲ ಅನ್ನೋದು."

ಅದನ್ನೇ ಇನ್ನೊಂದು ಸಲ ಅವಳಮ್ಮನಿಗೆ ಹೇಳಿದಳು. ಅದರಲ್ಲಿ ನನಗೆ ಒಂದು ಪದವೂ ಬಿಟ್ಟುಹೋಗಲಿಲ್ಲ. ನಾವಿಬ್ಬರೂ ತಟ್ಟೆ ಬಟ್ಟಲು ಹಿಡಿದು ಬೇಡಲು ಬಂದವರ ಹಾಗೆ ನಿಂತಿದ್ದೆವು.

"ಒಂದೇ ತಟ್ಟೆ ಮಾಡಿ ಅಮ್ಮಾ" ಎಂದು ಮಗ ಬಾಗಿಲಿನಿಂದ ಹೇಳಿದ. ಬೈದಿದ್ದರೆ ವಾಸಿಯಿತ್ತು.

ಅಡುಗೆಮನೆಗೆ ಬಂದ ಬೀಗಿತ್ತಿ ತನ್ನ ಗಜ್ಜರಿ ಸೂಪನ್ನೂ ನನ್ನ ಬೇಳೆಯನ್ನೂ ಒಂದೇ ಪಾತ್ರೆಗೆ ಸುರಿದಳು. ಇಬ್ಬರೂ ಒಂದೊಂದು ಚಮಚ ರುಚಿ ನೋಡಿದೆವು. ಇಬ್ಬರೂ ಮುಖ ಕಿವಿಚಿದೆವು. ಆಕೆ ಬಂದಾಗಿನಿಂದ ನಾವಿಬ್ಬರೂ ಒಪ್ಪಿದ ಮೊದಲ ಸಂಗತಿ ಇದು.

ಮಾರ್ಚ್ ೨೬, ಬುಧವಾರ

ಒಂದೇ ಪಾತ್ರೆ ಎಂದು ಹೇಳುವುದು ಸುಲಭ. ಅದರೊಳಗೆ ಈರುಳ್ಳಿ ಹೇಗೆ ಹೋಗಬೇಕು ಎನ್ನುವುದಕ್ಕೇ ಬೆಳಗ್ಗೆಯೆಲ್ಲ ಹೋಯಿತು. ನನಗೆ ಕಂದು ಬಣ್ಣ ಬರುವ ತನಕ ಹುರಿಯಬೇಕು. ಬೀಗಿತ್ತಿಗೆ ಅದು ಎಣ್ಣೆಯಲ್ಲಿ ಬೆವರಿದರೆ ಸಾಕು. ನಾನು ಬಾಣಲೆಗೆ ಈರುಳ್ಳಿ ಹಾಕಿ, "ಯೊ ಫ್ರೀಯೊ" ಎಂದೆ, ನಾನು ಹುರಿಯುತ್ತೇನೆ ಎಂದು. ಆಕೆ ಥಟ್ಟನೆ ಹೋಗಿ ಕಿಟಕಿ ಮುಚ್ಚಿ, ನನ್ನ ಹೆಗಲಿಗೆ ತನ್ನ ಶಾಲು ಹೊದಿಸಿದಳು. ಫ್ರೀಯೊ ಎಂದರೆ ಚಳಿಯೂ ಹೌದಂತೆ! ಒಲೆಯ ಮುಂದೆ ಬೆವರುತ್ತಾ ಶಾಲು ಹೊದ್ದು ನಿಂತಿದ್ದೇನೆ, ಆಕೆ ಕಣ್ಣು ಮಿಟುಕಿಸುತ್ತಿದ್ದಾಳೆ. ಅರ್ಥವಾಗಿಯೂ ಆಗದವಳ ಹಾಗೆ ಆಡುವುದರಲ್ಲಿ ಎತ್ತಿದ ಕೈ.

ಕೊನೆಗೆ ನಾನು ಕೋಣೆಯ ಕಡೆ ಕೂಗಿ ಸೊಸೆಯನ್ನೇ ಕೇಳಿದೆ. "ನಿಮ್ಮಮ್ಮ ಮನೇಲಿ ಅಡುಗೆ ಮಾಡ್ತೀನಿ ಅನ್ನೋಕೆ ಯಾವ ಪದ ಹೇಳ್ತಾರೆ ಕೇಳಮ್ಮಾ. ಕೊಸಿನಾರಾ, ಕೊಸೇರಾ?"

ಅವಳು ಮಂಚದಿಂದಲೇ ಕೂಗಿದಳು. ಬೀಗಿತ್ತಿ ಇಲ್ಲಿಂದ ಕೂಗಿದಳು. ಉತ್ತರ ಹಜಾರ ದಾಟಿ ಬಂತು: "ಆಗೊ ಅಂತಾಳೆ ಅತ್ತೆ! ಆಗೊ ಲಾ ಕೊಮೀದಾ! ಮಾಡ್ತೀನಿ, ಊಟ ಮಾಡಿಡ್ತೀನಿ, ಅಷ್ಟೇ. ಕೊಸಿನಾರ್ ಅನ್ನೋದು ಹೋಟೆಲಿನವರು, ಜಂಬದವರು ಅಂತೆ!"

ಮಾಡು. ನಾವು ಹೇಳುವುದೂ ಅದನ್ನೇ. ಇಷ್ಟಕ್ಕೆ ನಾನು ಹಂದಿಯಾಗಿ, ಆಲೂಗಡ್ಡೆ ಹೊಲಿದು, ಶಾಲು ಹೊದೆಯಬೇಕಾಯಿತೇ? "ಮೊದಲೇ ಹೇಳೋಕಾಗಲಿಲ್ವೇನೇ ನಿಂಗೆ?" ಎಂದೆ ಬೀಗಿತ್ತಿಗೆ, ಕನ್ನಡದಲ್ಲೇ. ಅವಳು ತಲೆಯಾಡಿಸಿ, ಈರುಳ್ಳಿಯನ್ನು ಇನ್ನೊಂದು ಸುತ್ತು ತಿರುವಿದಳು. ಅವಳ ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚು, ನನ್ನ ಲೆಕ್ಕಕ್ಕಿಂತ ಸ್ವಲ್ಪ ಕಡಿಮೆ.

ಸೊಸೆ ಬಟ್ಟಲು ಖಾಲಿ ಮಾಡಿದಳು.

ಏಪ್ರಿಲ್ ೪, ಶುಕ್ರವಾರ

ಸೊಸೆ ಎರಡನೇ ಸಲ ಬಡಿಸಿಕೊಂಡಳು. ತೂಕ ಏರಿದೆ. ಉಪ್ಪು ಸ್ವಲ್ಪ ಮುಂದಾಗಿತ್ತು ಎಂದಳು. ಹಾಕಿದ್ದು ಯಾರು ಎಂದರೆ ನಾನು ಬೀಗಿತ್ತಿಯನ್ನು ತೋರಿಸಿದೆ, ಅವಳು ನನ್ನನ್ನು ತೋರಿಸಿದಳು. ಇಬ್ಬರೂ ಹಾಕಿದ್ದೆವು.

ಏಪ್ರಿಲ್ ೧೧, ಶುಕ್ರವಾರ

ಬೆಳಿಗ್ಗೆ ಸೊಸೆಗೆ ಕಣ್ಣು ಮಂಜಾಯಿತು. ಕಾಲು ಊದಿಕೊಂಡಿದೆ. ರಕ್ತದೊತ್ತಡ ಏರಿದೆ, ಆಸ್ಪತ್ರೆಗೆ ಸೇರಿಸಿಕೊಳ್ಳುತ್ತೇವೆ ಎಂದರು ಡಾಕ್ಟರು. ಇನ್ನೂ ದಿನ ತುಂಬಿಲ್ಲ. ಬರೆಯಲು ಕೈ ಬರುತ್ತಿಲ್ಲ.

ಏಪ್ರಿಲ್ ೧೨, ಶನಿವಾರ

ಹೆಣ್ಣು. ಆಪರೇಷನ್ ಮಾಡಿ ತೆಗೆದರು. ತುಂಬ ಸಣ್ಣದು, ಗಾಜಿನ ಪೆಟ್ಟಿಗೆಯಲ್ಲಿ ಬೆಚ್ಚಗೆ ಇಟ್ಟಿದ್ದಾರೆ. ಆದರೆ ಹುಟ್ಟಿದ ಕೂಡಲೇ ಅತ್ತಿದೆ, ಜೋರಾಗಿ. ಒಳ್ಳೆಯ ಲಕ್ಷಣ ಎಂದರು ಡಾಕ್ಟರು. ಸೊಸೆಗೆ ಎಚ್ಚರವಾಗಿದೆ. ಸಂಜೆಗೆ ತೆಳುವಾದ ಗಂಜಿ ಕೊಡಬಹುದು ಎಂದು ನರ್ಸು ಹೇಳಿದ್ದೇ ತಡ, ನಾನೂ ಬೀಗಿತ್ತಿಯೂ ಮಗನನ್ನು ಅಲ್ಲಿ ಬಿಟ್ಟು ಮನೆಗೆ ಓಡಿ ಬಂದೆವು.

ನಾನು ಅಕ್ಕಿ ತೊಳೆದೆ, ಅವಳು ಒಲೆ ಹಚ್ಚಿದಳು. ಸೌಟು ತಿರುವುತ್ತಿದ್ದವಳು ಹಾಗೇ ನೆಲಕ್ಕೆ ಕುಸಿದು ಕೂತಳು. ಈ ಸಲ ಗೋಡೆಗೆ ತಿರುಗಲಿಲ್ಲ. ಬಾಯಿಗೆ ಬಟ್ಟೆ ಅದುಮಿಕೊಂಡು ಅತ್ತಳು. ನಡುನಡುವೆ ಏನೋ ಹೇಳುತ್ತಿದ್ದಳು. 'ಹೋದ ವರ್ಷ' ಎಂಬುದು ಅರ್ಥವಾಯಿತು. 'ನೋ ಎಸ್ತೂವೆ' ಎಂಬುದು ಅರ್ಥವಾಯಿತು. ನಾನಿರಲಿಲ್ಲ. ಮಗಳ ಮೊದಲ ಮಗು ಹೋದಾಗ ನಾನಿರಲಿಲ್ಲ, ನಾನಿರಲಿಲ್ಲ.

ನನಗೆ ಬರುವ ಪದಗಳನ್ನೆಲ್ಲ ತಡಕಾಡಿದೆ. ಬೇಯಿಸು ಇತ್ತು. ಕುದಿಸು, ಹುರಿ, ಸುಡು, ಎಲ್ಲ ಇತ್ತು. ಅಳಬೇಡ ಎನ್ನುವುದೊಂದು ಇರಲಿಲ್ಲ. ಇಷ್ಟು ದಿನ ಪಾಠ ಹೇಳಿಸಿಕೊಂಡು ಅದೊಂದನ್ನು ಕೇಳಿರಲಿಲ್ಲ ನೋಡಿ. ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡೆ. "ನಾನಿದ್ದೆ ಕಣೇ" ಎಂದೆ ನನ್ನ ಭಾಷೆಯಲ್ಲಿ. "ನಾನಿದ್ದೆ. ಅವಳ ತಲೆ ನನ್ನ ತೊಡೆ ಮೇಲೇ ಇತ್ತು. ಒಬ್ಬಳನ್ನೇ ಬಿಟ್ಟಿರಲಿಲ್ಲ ಕಣೇ, ಅಳಬೇಡ." ಅವಳಿಗೆ ಏನು ತಿಳಿಯಿತೋ, ನನ್ನ ಹೆಗಲಿಗೆ ತಲೆ ಕೊಟ್ಟಳು. ಆಮೇಲೆ ನನ್ನದೂ ಕಟ್ಟೆ ಒಡೆಯಿತು.

ಇಷ್ಟರಲ್ಲಿ ಗಂಜಿ ತಳ ಹತ್ತಿತು. ವಾಸನೆಗೆ ಇಬ್ಬರೂ ಧಡಕ್ಕನೆ ಎದ್ದೆವು. ಹೊಸದಾಗಿ ಇನ್ನೊಂದು ಪಾತ್ರೆ ಇಟ್ಟೆವು. ಹತ್ತಿದ್ದನ್ನು ನಾವಿಬ್ಬರೇ ನಿಂತುಕೊಂಡೇ ಕೆರೆದು ತಿಂದೆವು. ಬೆಳಗಿನಿಂದ ಇಬ್ಬರ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ. ಇಂಥ ಕೆಟ್ಟ ಗಂಜಿಯನ್ನು ಜನ್ಮದಲ್ಲಿ ತಿಂದಿಲ್ಲ. ಪಾತ್ರೆ ತೊಳೆಯುವಷ್ಟು ಕೆಲಸವನ್ನೂ ಉಳಿಸಲಿಲ್ಲ.

ಏಪ್ರಿಲ್ ೨೩, ಬುಧವಾರ

ಮಗು ಮನೆಗೆ ಬಂತು. ನಮ್ಮವರು 'ಗುಂಡಿ' ಎಂದು ಕರೆಯುತ್ತಿದ್ದಾರೆ, ಕೋಟಿನ ಗುಂಡಿಯಷ್ಟಿದೆ ಎಂದು. ಲಿಫ್ಟಿನ ಹಾಗೆ ಮೇಲಕ್ಕೂ ಕೆಳಕ್ಕೂ ಆಡಿಸಲು ಹೋಗಿ ನಮ್ಮಿಬ್ಬರಿಂದಲೂ, ಎರಡು ಭಾಷೆಯಲ್ಲಿ, ಬೈಸಿಕೊಂಡರು. ಅರ್ಥವಾಯಿತಾ ಎಂದರೆ "ಎರಡೂ ಅರ್ಥವಾಯ್ತು" ಎಂದರು.

ಗುಂಡಿಗೆ ಸರಿಹೊಂದುವ ಅಂಗಿ ಯಾವ ಅಂಗಡಿಯಲ್ಲೂ ಇಲ್ಲ. ಬೀಗಿತ್ತಿ ನನ್ನ ಉಳಿಕೆ ಬಟ್ಟೆಯಲ್ಲಿ ಪುಟ್ಟ ಪುಟ್ಟ ಅಂಗಿ ಹೊಲಿಯುತ್ತಾ ಕೂರುತ್ತಾಳೆ. ಹೊಲಿಗೆ ಪರವಾಗಿಲ್ಲ, ಕಾಜ ಮಾತ್ರ ಇಲಿ ಕಡಿದ ಹಾಗೆ. ಅವಳು ಅತ್ತ ಹೋದಾಗ ಬಿಚ್ಚಿ ಸರಿಮಾಡುತ್ತೇನೆ. ನಾನು ಇತ್ತ ಬಂದಾಗ ಅವಳು ನನ್ನ ಪಾತ್ರೆಗೆ ಏನೋ ಸೇರಿಸುತ್ತಾಳೆ. ಇಬ್ಬರಿಗೂ ಗೊತ್ತಿಲ್ಲ ಎಂದು ಇಬ್ಬರೂ ಅಂದುಕೊಂಡಿದ್ದೇವೆ.

ಮೇ ೫, ಸೋಮವಾರ

ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಮೂಲೆಮನೆಯಾಕೆ ಬಂದಿದ್ದರು. ಒಳಗಿನಿಂದ ಬೀಗಿತ್ತಿಯ ನಗು ಕೇಳಿಸುತ್ತಿತ್ತು. ಅವಳು ನಕ್ಕರೆ ಬೀದಿಗೆಲ್ಲ ಕೇಳುತ್ತದೆ.

"ಇನ್ನೂ ಹೋಗಿಲ್ವಾ ನಿಮ್ಮ ಬೀಗಿತ್ತಿ?" ಎಂದು ದನಿ ತಗ್ಗಿಸಿದರು. "ಅದು ಹೇಗೆ ಸಹಿಸ್ಕೊಳ್ತೀರೋ ನೀವು."

"ಸಹಿಸ್ಕೊಳ್ಳೋಕೆ ಅವಳೇನು ಹಲ್ಲುನೋವಾ?" ಎಂದೆ. "ನಿಮ್ಮ ಪ್ಯಾಂಟು ಶನಿವಾರದ ಒಳಗೆ ಆಗೋದಿಲ್ಲ."

ಒಳ್ಳೆಯ ಗಿರಾಕಿ. ಯಾಕೆ ಹಾಗೆ ರೇಗಿದೆನೋ. ಸೆಖೆ ಜಾಸ್ತಿಯಾಗಿದೆ.

ಮೇ ೬, ಮಂಗಳವಾರ

ಬರುವ ಸೋಮವಾರ ಬೀಗಿತ್ತಿ ಊರಿಗೆ ಹೋಗುವ ಟಿಕೆಟ್ಟು. ಒಳ್ಳೆಯದೇ ಆಯಿತು, ಎಷ್ಟು ದಿನ ಅಂತ ಅವರ ಮನೆಯನ್ನು ಅವರು ಬಿಟ್ಟಿರುವುದು. ಇವತ್ತು ಒಂದು ಜಿಪ್ಪನ್ನು ತಲೆಕೆಳಗಾಗಿ ಹಚ್ಚಿದೆ. ಬಿಚ್ಚಿ ಮತ್ತೆ ಹಚ್ಚಿದರೆ ಮತ್ತೆ ತಲೆಕೆಳಗು. ನಮ್ಮವರು ಏನಾಯಿತು ಎಂದು ಕೇಳಿದರು. ಏನಾಗುವುದು? ಏನೂ ಇಲ್ಲ.

ಮಧ್ಯಾಹ್ನ ಸೊಸೆ ಗುಂಡಿಯನ್ನು ಮಲಗಿಸುತ್ತಿದ್ದಳು. ಹೋಗಿ ಪಕ್ಕದಲ್ಲಿ ಕೂತೆ.

"ಹೋಗಬೇಡ, ಇಲ್ಲೇ ಉಳಿ ಅನ್ನೋಕೆ ಯಾವ ಕ್ರಿಯಾಪದ ಬರುತ್ತೆ?"

"ಕೆದಾರ್ಸೆ. ಯಾರಿಗೆ ಹೇಳೋಕೆ ಅತ್ತೆ?"

"ಯಾರಿಗೂ ಇಲ್ಲ. ಸುಮ್ನೆ, ವ್ಯಾಕರಣಕ್ಕೆ."

ಅವಳು ನನ್ನ ಮುಖ ನೋಡಲಿಲ್ಲ, ಮಗುವಿನ ಹೊದಿಕೆ ಸರಿಮಾಡುತ್ತಿದ್ದಳು. "ವ್ಯಾಕರಣಕ್ಕಾದ್ರೆ ಎರಡು ಥರ ಇದೆ. 'ನೀವು ಇರಿ' ಅಂತ ಹೇಳ್ಬೇಕಾ, 'ನೀನು ಇರು' ಅಂತಾನಾ?"

"'ನೀನು' ಅಂತಲೇ ಹೇಳಿಕೊಡು."

"ಕೇದಾತೆ."

ಕೇದಾತೆ. ಚ ಇಲ್ಲ, ಸದ್ಯ. ನಾಳೆ ಬೆಳಿಗ್ಗೆ ಈರುಳ್ಳಿ ಹೆಚ್ಚುವಾಗ ಒಂದು ಸಲ ಬೀಗಿತ್ತಿಯ ಮುಂದೆ ಹೇಳಿ ನೋಡಬೇಕು. ಉಚ್ಚಾರ ಸರಿಯಿದೆಯೋ ಇಲ್ಲವೋ ಗೊತ್ತಾಗಬೇಕಲ್ಲ.